ಓಎಸ್ ಏಳುವ ಮುಂಚೆ: ನೆಟ್‌ವರ್ಕ್ ಕಾರ್ಡು ಮತ್ತು ಒಂದು ಕಪ್ಪು ಪರದೆಯ ಕಥೆ

ಹಾರ್ಡ್ ಡಿಸ್ಕ್ ಇಲ್ಲದ ಅಥವಾ ಡಿಸ್ಕ್ ಕೆಟ್ಟುಹೋದ ಕಂಪ್ಯೂಟರನ್ನು ಆನ್ ಮಾಡಿದವರಲ್ಲಿ ಕೆಲವರಾದರೂ ಈ ಪರದೆ ನೋಡಿರುತ್ತೀರಿ. ಕಪ್ಪು ಹಿನ್ನೆಲೆ, ಮೇಲೆ ಒಂದಷ್ಟು ಸಾಲು ತಲೆಬುಡ ಗೊತ್ತಾಗದ ಅಕ್ಷರಗಳು, ಕೆಳಗೆ ಹಳದಿ ಬಣ್ಣದಲ್ಲಿ 'ಶೆಲ್' ಅನ್ನೋ ಪದ, ಪಕ್ಕದಲ್ಲಿ ಮಿಣಮಿಣ ಮಿನುಗುವ ಕರ್ಸರು. "ಇದೇನಪ್ಪಾ, ಡಾಸ್ ವಾಪಸ್ ಬಂತಾ?" ಅಂತ ಗಾಬರಿಯಾಗಿ ಪವರ್ ಬಟನ್ ಒತ್ತಿದವರೇ ಹೆಚ್ಚು :-)

ಸರ್ವರುಗಳನ್ನು ನೋಡಿಕೊಳ್ಳುವ ನನ್ನಂಥವರಿಗೆ ಮಾತ್ರ ಆ ಪರದೆ ಹಳೇ ಪರಿಚಯ. ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ಬದಲಿಸಬೇಕು ಅಂದಾಗ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಸರ್ವರ್ ರೂಮಿಗೆ ಹೋಗಿ, ಆ ಪರದೆ ಮುಂದೆ ನಿಂತು ಕೆಲಸ ಮಾಡಿದ್ದೇನೆ. ಲಿನಕ್ಸೂ ಇಲ್ಲ, ವಿಂಡೋಸೂ ಇಲ್ಲ. ಇಷ್ಟೆಲ್ಲಾ ಮುಂದುವರಿದ ಕಾಲದಲ್ಲಿ ಒಂದು ಕಾರ್ಡಿನ ಫರ್ಮ್‌ವೇರ್ ಬದಲಿಸೋಕೆ ಇಂಥ ಬೋಳು ಜಾಗಕ್ಕೆ ಯಾಕೆ ಹೋಗಬೇಕು? ಈ ಪ್ರಶ್ನೆಯ ಹಿಂದೆ ನಲವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ತುಂಬಾ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

* * *

ಮೊದಲು ಕಾರ್ಡಿನ ಒಳಗೆ ಏನಿದೆ ನೋಡೋಣ. ನೆಟ್‌ವರ್ಕ್ ಕಾರ್ಡು ಅಂದರೆ ಕೇಬಲ್ ಸಿಕ್ಕಿಸುವ ತೂತು ಅಷ್ಟೇ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಅದರೊಳಗೆ ಒಂದು ಕಂಟ್ರೋಲರ್ ಚಿಪ್ ಇದೆ, ಕರೆಂಟ್ ಹೋದರೂ ಅಳಿಯದ ಒಂದು ಪುಟ್ಟ ನೆನಪಿನ ಚಿಪ್ ಕೂಡ ಇದೆ. ಆ ನೆನಪಿನಲ್ಲಿ ಕಾರ್ಡಿನ ಮ್ಯಾಕ್ ವಿಳಾಸ ಇರುತ್ತದೆ. 48 ಬಿಟ್, ಅಂದರೆ 6 ಬೈಟ್. ಮೊದಲ 3 ಬೈಟ್ ಸಾಮಾನ್ಯವಾಗಿ ತಯಾರಕರದು, ಅದನ್ನು ಹಂಚುವುದು ಐಇಇಇ ಸಂಸ್ಥೆ. ಉಳಿದ 3 ಬೈಟ್ ಆ ಕಾರ್ಡಿನದೇ. ಇದರ ಜೊತೆಗೆ ಕಾರ್ಡು ಎಚ್ಚರವಾದಾಗ ಹೇಗೆ ನಡೆದುಕೊಳ್ಳಬೇಕು ಅನ್ನುವ ಸೆಟ್ಟಿಂಗುಗಳು, ನೆಟ್‌ವರ್ಕಿನಿಂದಲೇ ಕಂಪ್ಯೂಟರ್ ಬೂಟ್ ಮಾಡುವ ಪ್ರೋಗ್ರಾಮು, ಹೊಸ ಕಾರ್ಡುಗಳಲ್ಲಾದರೆ ಕಾರ್ಡಿನ ಪ್ರೊಸೆಸರೇ ಓಡಿಸುವ ಫರ್ಮ್‌ವೇರು, ಎಲ್ಲವೂ ಅಲ್ಲೇ.

ಆ ಚಿಪ್ಪಿನಲ್ಲಿ ಬರೆದದ್ದು ಅಳಿಸಿಹೋದರೆ ಕಾರ್ಡಿಗೆ ತನ್ನ ಹೆಸರೇ ಮರೆತುಹೋಗುತ್ತದೆ. ಕೆಲವು ಸಲ ತಾನು ನೆಟ್‌ವರ್ಕ್ ಕಾರ್ಡು ಅನ್ನುವುದೂ ಮರೆತುಹೋಗುತ್ತದೆ. ಅದಕ್ಕೇ ಅಲ್ಲಿ ಬರೆಯುವ ಕೆಲಸಕ್ಕೆ ಇಷ್ಟು ಭಯಭಕ್ತಿ.

* * *

ಶುರುವಿನಲ್ಲಿ ಈ ತಲೆನೋವೇ ಇರಲಿಲ್ಲ. ಐಬಿಎಂ ಪಿಸಿ ಬಂದಿದ್ದು 1981ರ ಆಗಸ್ಟಿನಲ್ಲಿ. ಈಥರ್‌ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ಬಾಬ್ ಮೆಟ್‌ಕಾಫ್ ಕಟ್ಟಿದ 3ಕಾಮ್ ಕಂಪನಿ ಮಾರನೇ ವರ್ಷವೇ ಪಿಸಿಗೆ ಈಥರ್‌ಲಿಂಕ್ ಕಾರ್ಡ್ ತಂದಿತು. ಅದೇ 1982ರ ಅಕ್ಟೋಬರ್ 27ರ ದಿನಾಂಕ ಹೊತ್ತ ಐಬಿಎಂ ಬಯಾಸಿನಲ್ಲಿ ಒಂದು ಸಣ್ಣ ಬದಲಾವಣೆ ಆಯಿತು. ಕಂಪ್ಯೂಟರ್ ಆನ್ ಆದ ಕೂಡಲೇ ಬಯಾಸು ಮೆಮೊರಿಯ ಒಂದು ಭಾಗದಲ್ಲಿ 2 ಕೆಬಿಗೊಂದು ಹೆಜ್ಜೆ ಇಡುತ್ತಾ ಹುಡುಕುತ್ತಾ ಹೋಗುತ್ತಿತ್ತು. ಎಲ್ಲಾದರೂ '55 ಎಎ' ಅನ್ನೋ ಎರಡು ಬೈಟ್ ಸಿಕ್ಕಿದರೆ, "ಓಹೋ, ಇಲ್ಲಿ ಯಾವುದೋ ಕಾರ್ಡಿನ ರಾಮ್ ಅಲ್ಲ, ರೋಮ್ ಇದೆ" ಅಂತ ಗುರುತು. ಮೂರನೇ ಬೈಟಿನಲ್ಲಿ ಅದರ ಉದ್ದ, 512 ಬೈಟ್ ಲೆಕ್ಕದಲ್ಲಿ. ಎಲ್ಲ ಬೈಟುಗಳನ್ನೂ ಕೂಡಿದರೆ ಕೊನೆಯ ಬೈಟ್ ಸೊನ್ನೆ ಬರಬೇಕು. ಬಂದರೆ ಅದರೊಳಗಿನ ಪ್ರೋಗ್ರಾಮಿಗೆ ಒಂದು ಅವಕಾಶ. ಇದಕ್ಕೇ ಆಪ್ಷನ್ ರೋಮ್ ಅಂತ ಹೆಸರು. ಕಾರ್ಡಿನೊಳಗಿನ ಪ್ರೋಗ್ರಾಮು ಓಎಸ್ ಬರುವ ಮುಂಚೆಯೇ ಓಡುವ ಪದ್ಧತಿ ಪಿಸಿಗೆ ಬಂದಿದ್ದು ಹೀಗೆ.

ಆ ಕಾಲದ ಎಷ್ಟೋ ನೆಟ್‌ವರ್ಕ್ ಕಾರ್ಡುಗಳಲ್ಲಿ ಒಂದು ಖಾಲಿ ಸಾಕೆಟ್ ಇರುತ್ತಿತ್ತು. ಡಿಸ್ಕೇ ಇಲ್ಲದ ಕಂಪ್ಯೂಟರನ್ನು ನೆಟ್‌ವರ್ಕಿನಿಂದ ಬೂಟ್ ಮಾಡಬೇಕಿದ್ದವರು ಅಲ್ಲಿ ಬೂಟ್ ರೋಮ್ ಚಿಪ್ ತಂದು ಕೂರಿಸುತ್ತಿದ್ದರು. ಫೈಲ್ ತರಿಸಿಕೊಳ್ಳುವ ಟಿಎಫ್‌ಟಿಪಿಯ ಮಾನದಂಡ 1981ರದು, ವಿಳಾಸ ಕೇಳಿ ಪಡೆಯುವ ಬೂಟ್‌ಪಿಯದು 1985ರದು. ನೆಟ್‌ವರ್ಕ್ ಬೂಟಿಗೆ ಇವತ್ತೂ ಬಳಕೆಯಲ್ಲಿರುವ ಪಿಎಕ್ಸ್‌ಇ 2.1 ಬಂದಿದ್ದು 1999ರಲ್ಲಿ, ಅದೂ ನಿಂತಿರುವುದು ಈ ಹಳೇ ಅಡಿಪಾಯದ ಮೇಲೇ.

ಆ ಚಿಪ್ಪಿನ ಪ್ರೋಗ್ರಾಮ್ ಬದಲಿಸಬೇಕಾದರೆ? ಚಿಪ್ಪನ್ನು ಮೆಲ್ಲಗೆ ಮೀಟಿ ತೆಗೆಯುವುದು, ಹೊಸದು ಕೂರಿಸುವುದು. ಅದು ಇಪಿರೋಮ್ ಆಗಿದ್ದರೆ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ. ಅದರೊಳಕ್ಕೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟರೆ ಹಳೆಯದೆಲ್ಲ ಅಳಿಸಿಹೋಗುತ್ತಿತ್ತು, ಆಮೇಲೆ ಬೇರೆ ಯಂತ್ರದಲ್ಲಿಟ್ಟು ಹೊಸದನ್ನು ಬರೆಯಬೇಕು. ಕಷ್ಟದ ಕೆಲಸವೇ. ಆದರೆ ಒಂದು ನೆಮ್ಮದಿ ಇತ್ತು ನೋಡಿ. ಕಂಪ್ಯೂಟರಿನಲ್ಲಿ ಓಡುವ ಯಾವ ಪ್ರೋಗ್ರಾಮೂ ಆ ಚಿಪ್ಪನ್ನು ಹಾಳುಮಾಡಲು ಸಾಧ್ಯವಿರಲಿಲ್ಲ. ಮನುಷ್ಯನ ಕೈಯೇ ಬೇಕಿತ್ತು.

* * *

ಈ ನೆಮ್ಮದಿ ಕೆಡಿಸಿದ್ದು ಫ್ಲ್ಯಾಶ್ ಮೆಮೊರಿ. ತೋಶಿಬಾದಲ್ಲಿದ್ದ ಫುಜಿಯೊ ಮಸುಓಕ 1984ರಲ್ಲಿ ಅದನ್ನು ಜಗತ್ತಿನ ಮುಂದಿಟ್ಟರು. ಚಿಪ್ಪನ್ನು ಕೀಳುವುದು ಬೇಡ, ಬೆಳಕು ಬೇಡ, ವಿದ್ಯುತ್ತಿನಿಂದಲೇ ಅಳಿಸಿ ವಿದ್ಯುತ್ತಿನಿಂದಲೇ ಬರೆಯಬಹುದು. 90ರ ದಶಕದಲ್ಲಿ ಮದರ್‌ಬೋರ್ಡಿನ ಬಯಾಸೂ ಕಾರ್ಡುಗಳ ರೋಮೂ ಫ್ಲ್ಯಾಶಿಗೆ ಬಂದವು. ತಪ್ಪಿದ್ದರೆ ಹೊಸ ಫೈಲು ಕಳಿಸಿದರೆ ಸಾಕು, ಗಿರಾಕಿಯೇ ಬರೆದುಕೊಳ್ಳುತ್ತಾನೆ. ಎಂಥ ಅನುಕೂಲ!

ಆ ಅನುಕೂಲದ ಬೆಲೆ ಗೊತ್ತಾಗಿದ್ದು 1999ರ ಏಪ್ರಿಲ್ 26ರಂದು. ತೈವಾನಿನ ಚೆನ್ ಇಂಗ್-ಹಾವ್ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದ ಸಿಐಎಚ್ ವೈರಸ್ಸು, ವಿಂಡೋಸ್ 95 ಮತ್ತು 98 ಇದ್ದ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕಿನ ಮೊದಲ ಭಾಗವನ್ನು ಒರೆಸಿಹಾಕಿದ್ದಲ್ಲದೆ, ಕೆಲವು ಚಿಪ್‌ಸೆಟ್ಟುಗಳಲ್ಲಿ ಬಯಾಸ್ ಚಿಪ್ಪಿನೊಳಗೇ ಕಸ ತುಂಬಿತು. ಅಂಥ ಕಂಪ್ಯೂಟರು ಆನ್ ಕೂಡ ಆಗುತ್ತಿರಲಿಲ್ಲ. ಪ್ರೋಗ್ರಾಮೊಂದು ಯಂತ್ರವನ್ನೇ ಕೊಲ್ಲಬಲ್ಲದು ಅಂತ ಜನಕ್ಕೆ ತಿಳಿದಿದ್ದು ಆಗ.

ಹಾಗಾಗಿ ಪ್ರಶ್ನೆ ಬದಲಾಯಿತು. ಬರೆಯೋದು ಹೇಗೆ ಅನ್ನೋದು ದೊಡ್ಡ ವಿಷಯ ಅಲ್ಲ, ಎಲ್ಲಿ ನಿಂತು ಬರೆಯಬೇಕು ಅನ್ನೋದೇ ದೊಡ್ಡದು.

* * *

ಅದಕ್ಕೆ ಆಗ ಸಿಕ್ಕ ಉತ್ತರ ಡಾಸ್ ಫ್ಲಾಪಿ. 1.44 ಎಂಬಿಯ ಆ ಚೌಕದಲ್ಲಿ ಡಾಸ್, ಫರ್ಮ್‌ವೇರ್ ಬರೆಯುವ ಒಂದು ಪ್ರೋಗ್ರಾಮು, ಹೊಸ ಫರ್ಮ್‌ವೇರಿನ ಫೈಲು. ಅಷ್ಟೇ. ಡಾಸ್ ಆಗಲೇ ಮುದುಕ, ಆದರೆ ಈ ಕೆಲಸಕ್ಕೆ ಅದರ ಬಡತನವೇ ವರವಾಯಿತು. ಅದು ಒಂದು ಸಲಕ್ಕೆ ಒಂದೇ ಪ್ರೋಗ್ರಾಮ್ ಓಡಿಸುತ್ತದೆ. ಮೆಮೊರಿಗೆ ಬೇಲಿ ಹಾಕುವುದಿಲ್ಲ. ನೀವಾಗಿ ಡ್ರೈವರ್ ಹಾಕದ ಹೊರತು ನೆಟ್‌ವರ್ಕ್ ಕಾರ್ಡಿನ ತಂಟೆಗೇ ಹೋಗುವುದಿಲ್ಲ. ವಿಂಡೋಸ್ ಎನ್‌ಟಿ, ಲಿನಕ್ಸ್‌ನಂಥ ದೊಡ್ಡ ಓಎಸ್‌ಗಳಲ್ಲಾದರೆ ಕಾರ್ಡು ಡ್ರೈವರಿನ ಹಿಡಿತದಲ್ಲಿರುತ್ತದೆ. ಆಗಲೇ ಪ್ಯಾಕೆಟ್ಟುಗಳು ಓಡಾಡುತ್ತಿರುತ್ತವೆ. ದೂರದಿಂದ ಅದೇ ಕಾರ್ಡಿನ ಮೂಲಕ ಲಾಗಿನ್ ಆಗಿ ಅದೇ ಕಾರ್ಡಿನ ಫರ್ಮ್‌ವೇರ್ ಅಳಿಸುವುದು ಅಂದರೆ ಕೂತ ಕೊಂಬೆಯನ್ನೇ ಕಡಿದ ಹಾಗೆ!

ಹೀಗೆ ಡಾಸ್ ಮನೆಗಳಿಂದ ಹೋದ ಮೇಲೂ ಸರ್ವರ್ ರೂಮಿನ ಡ್ರಾಯರಿನಲ್ಲಿ ಉಳಿಯಿತು. ಮೈಕ್ರೋಸಾಫ್ಟಿನ ಡಾಸ್ ಸಿಗದಿದ್ದರೆ 1994ರಲ್ಲಿ ಜಿಮ್ ಹಾಲ್ ಶುರುಮಾಡಿದ ಫ್ರೀಡಾಸ್ ಇತ್ತು. ಫ್ಲಾಪಿ ಹೋಗಿ ಸಿಡಿ ಬಂತು, ಸಿಡಿ ಹೋಗಿ ಯುಎಸ್‌ಬಿ ಬಂತು, ಒಳಗೆ ಮಾತ್ರ ಅದೇ ಡಾಸ್.

ಆದರೆ ಅಡಿಪಾಯವೇ ಇಕ್ಕಟ್ಟಾಗುತ್ತಿತ್ತು. ಬಯಾಸು ಕೆಲಸ ಮಾಡುತ್ತಿದ್ದದ್ದು 16 ಬಿಟ್ ರೀತಿಯಲ್ಲಿ, ಅದಕ್ಕೆ ಕಾಣುತ್ತಿದ್ದ ಮೆಮೊರಿ 1 ಎಂಬಿ. ಅದರಲ್ಲಿ ಎಲ್ಲ ಕಾರ್ಡುಗಳ ಆಪ್ಷನ್ ರೋಮಿಗೆ ಸೇರಿ ಸಿಗುತ್ತಿದ್ದ ಜಾಗ ನೂರು-ಇನ್ನೂರು ಕೆಬಿಯ ಆಸುಪಾಸು. ವಿಡಿಯೋ ಕಾರ್ಡು, ಡಿಸ್ಕ್ ಕಂಟ್ರೋಲರು, ಎರಡು ಮೂರು ನೆಟ್‌ವರ್ಕ್ ಕಾರ್ಡು ಸೇರಿದರೆ ಕೊನೆಯವನಿಗೆ ನಿಲ್ಲಲೂ ಜಾಗ ಇಲ್ಲ. ಹಬ್ಬದ ದಿನದ ಸಿಟಿ ಬಸ್ಸಿನ ಹಾಗೆ.

* * *

ಇಕ್ಕಟ್ಟಿನಿಂದ ಹೊರಬರುವ ದಾರಿ ಸಿಕ್ಕಿದ್ದು ಇಂಟೆಲ್ ಮತ್ತು ಎಚ್‌ಪಿ ಸೇರಿ ಮಾಡಿದ ಇಟೇನಿಯಂ ಪ್ರೊಸೆಸರಿನಿಂದ. 64 ಬಿಟ್‌ನ ಆ ಹೊಸ ಜಾತಿಯ ಪ್ರೊಸೆಸರಿಗೆ 1981ರ 16 ಬಿಟ್ ಬಯಾಸ್ ಹೊಂದುತ್ತಿರಲಿಲ್ಲ. ಹಾಗಾಗಿ ಇಂಟೆಲ್ 1998ರಲ್ಲಿ 'ಇಂಟೆಲ್ ಬೂಟ್ ಇನಿಶಿಯೇಟಿವ್' ಅಂತ ಶುರುಮಾಡಿತು. ಅದೇ ಆಮೇಲೆ ಇಎಫ್‌ಐ ಆಯಿತು. 2000ದ ಡಿಸೆಂಬರಿನಲ್ಲಿ 1.02, 2002ರ ಡಿಸೆಂಬರಿನಲ್ಲಿ 1.10. ಇಟೇನಿಯಂ ಸರ್ವರುಗಳು ಮಾರುಕಟ್ಟೆಗೆ ಬಂದಿದ್ದು 2001ರಲ್ಲಿ. ಇಟೇನಿಯಂ ಗೆಲ್ಲಲಿಲ್ಲ, ಅದರ ಕಥೆ ಮುಗಿದೇ ಹೋಯಿತು. ಆದರೆ ಅದಕ್ಕಾಗಿ ಕಟ್ಟಿದ ಬಾಗಿಲು ಇವತ್ತು ನಮ್ಮ ನಿಮ್ಮ ಲ್ಯಾಪ್‌ಟಾಪುಗಳಲ್ಲಿದೆ!

ಇಎಫ್‌ಐ ಜೊತೆಗೆ ಬಂದ ಮರಿಯೇ ಆ ಕಪ್ಪು ಪರದೆ, ಇಎಫ್‌ಐ ಶೆಲ್. ಇದರ ವೇಷ ನೋಡಿದರೆ ನಗು ಬರುತ್ತದೆ. 'ಎಲ್‌ಎಸ್' ಅಂದರೂ ಫೈಲುಗಳ ಪಟ್ಟಿ ಕೊಡುತ್ತದೆ, 'ಡಿಐಆರ್' ಅಂದರೂ ಕೊಡುತ್ತದೆ. ಯುನಿಕ್ಸಿಗೂ ಡಾಸಿಗೂ ಮದುವೆ ಮಾಡಿಸಿದ ಹಾಗೆ :-) ಡ್ರೈವುಗಳಿಗೆ 'ಸಿ:' ಬದಲು 'ಎಫ್‌ಎಸ್0:', 'ಎಫ್‌ಎಸ್1:' ಅಂತ ಹೆಸರು. ಫೈಲ್ ಸಿಸ್ಟಮ್ಮು ಮಾತ್ರ ಡಾಸ್ ಕಾಲದ ಅದೇ ಫ್ಯಾಟ್. 'ಸ್ಟಾರ್ಟಪ್.ಎನ್‌ಎಸ್‌ಎಚ್' ಅನ್ನೋ ಫೈಲಿದ್ದರೆ ಐದು ಸೆಕೆಂಡ್ ಕಾದು, ಅದರಲ್ಲಿ ಬರೆದಿದ್ದನ್ನು ತಾನೇ ಮಾಡುತ್ತದೆ.

ವೇಷ ಹಳೆಯದಾದರೂ ಒಳಗೆ ಮೈ ಹೊಸದು. 1 ಎಂಬಿಯ ಗೋಡೆ ಇಲ್ಲ. ಯಾವ ಡ್ರೈವರು ಯಾವ ಕಾರ್ಡನ್ನು ಹಿಡಿದಿದೆ ಅಂತ ಕೇಳಿದರೆ ಹೇಳುತ್ತದೆ. 'ಡಿಸ್‌ಕನೆಕ್ಟ್' ಅಂದರೆ ಬಿಡಿಸುತ್ತದೆ, 'ಕನೆಕ್ಟ್' ಅಂದರೆ ಮತ್ತೆ ಕಟ್ಟುತ್ತದೆ. ಇಷ್ಟಿದ್ದೂ ಡಾಸಿನ ಆ ಒಳ್ಳೇ ಗುಣ ಉಳಿದಿದೆ. ಹತ್ತಾರು ಕೋರ್ ಇದ್ದರೂ ಸಾಮಾನ್ಯವಾಗಿ ಒಂದೇ ಕೋರಿನಲ್ಲಿ ಕೆಲಸ, ಒಂದು ಸಲಕ್ಕೆ ಒಂದು ಪ್ರೋಗ್ರಾಮು.

2005ರಲ್ಲಿ ಇಂಟೆಲ್ ಇದನ್ನು ಹಲವು ಕಂಪನಿಗಳ ಯುಇಎಫ್‌ಐ ಫೋರಂಗೆ ಒಪ್ಪಿಸಿತು. 2006ರಲ್ಲಿ ಆಪಲ್‌ನ ಇಂಟೆಲ್ ಮ್ಯಾಕುಗಳು ಇಎಫ್‌ಐ ಹೊತ್ತು ಬಂದವು. 2008ರಲ್ಲಿ ಶೆಲ್ಲಿಗೇ ಪ್ರತ್ಯೇಕ ನಿಯಮಾವಳಿ, ಆವೃತ್ತಿ 2.0 ಬಂತು. ಹಳೇ ಬಯಾಸಿನ ವೇಷ ಹಾಕುವ ಸೌಲಭ್ಯವನ್ನು 2020ರ ಹೊತ್ತಿಗೆ ಬಿಡುತ್ತೇವೆ ಅಂತ ಇಂಟೆಲ್ 2017ರಲ್ಲಿ ಘೋಷಿಸಿತು. ಆ ವೇಷ ಇಲ್ಲದ ಯಂತ್ರದಲ್ಲಿ ಡಾಸ್ ನೇರವಾಗಿ ಏಳುವುದೇ ಇಲ್ಲ. ಡ್ರಾಯರಿನಲ್ಲಿದ್ದ ಡಾಸಿಗೆ ನಿವೃತ್ತಿ ಕೊಟ್ಟಿದ್ದು ಇದೇ.

* * *

ಅದೇ 2008ರಲ್ಲಿ, ಈ ಬೋಳು ಜಾಗ ಯಾಕೆ ಬೇಕು ಅನ್ನುವುದಕ್ಕೆ ಒಂದು ದೊಡ್ಡ ಪಾಠ ಸಿಕ್ಕಿತು. ಲಿನಕ್ಸ್ 2.6.27 ಇನ್ನೂ ತಯಾರಾಗುತ್ತಿದ್ದ ಸಮಯ. ಪರೀಕ್ಷೆಗೆ ಅಂತ ಹಾಕಿಕೊಂಡವರ ಕೆಲವು ಕಂಪ್ಯೂಟರುಗಳಲ್ಲಿ ಇಂಟೆಲ್ 82566, 82567 ನೆಟ್‌ವರ್ಕ್ ಚಿಪ್ಪುಗಳು ಇದ್ದಕ್ಕಿದ್ದಂತೆ ಸತ್ತವು. ರೀಬೂಟ್ ಮಾಡಿದರೂ ಇಲ್ಲ, ಲಿನಕ್ಸ್ ತೆಗೆದು ವಿಂಡೋಸ್ ಹಾಕಿದರೂ ಇಲ್ಲ. ನೆನಪಿನ ಚಿಪ್ಪಿನಲ್ಲಿದ್ದದ್ದೇ ಕೆಟ್ಟುಹೋಗಿತ್ತು. ಉಬುಂಟು ತನ್ನ ಪರೀಕ್ಷಾ ಆವೃತ್ತಿಯಲ್ಲಿ ಆ ಡ್ರೈವರನ್ನೇ ತೆಗೆದುಹಾಕಿತು. ಎಲ್ಲರ ಬೆರಳೂ ಇ1000ಇ ಎಂಬ ಆ ಡ್ರೈವರಿನ ಕಡೆ.

ಅಕ್ಟೋಬರಿನಲ್ಲಿ ಗೊತ್ತಾಗಿದ್ದೇ ಬೇರೆ. ತಪ್ಪು ಡ್ರೈವರಿನದ್ದಲ್ಲ! ಕರ್ನಲ್ಲಿನ ಒಳಗೆ ಯಾವ ಫಂಕ್ಷನ್ ಯಾವಾಗ ಓಡಿತು ಅಂತ ಗುರುತು ಹಾಕುವ ಎಫ್‌ಟ್ರೇಸ್ ಎಂಬ ಹೊಸ ಸೌಲಭ್ಯ, ಓಡುತ್ತಿರುವ ಕೋಡನ್ನು ಅಲ್ಲಲ್ಲೇ ತಿದ್ದುತ್ತಿತ್ತು. ತಿದ್ದಬೇಕಿದ್ದ ಕೋಡು ಒಂದು ಕಡೆ ಮೆಮೊರಿಯಿಂದ ಆಗಲೇ ಹೋಗಿತ್ತು. ಅದೇ ವಿಳಾಸಕ್ಕೆ ಈಗ ನೆಟ್‌ವರ್ಕ್ ಚಿಪ್ಪಿನ ನೆನಪು ಬಂದು ಕೂತಿತ್ತು. ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ಬಂದ ಏಟು, ಹೊಸ ಬಾಡಿಗೆದಾರನಿಗೆ ಬಿದ್ದ ಹಾಗೆ. ಕೊನೆಗೆ 2.6.27.1ರಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿದರು, ಡ್ರೈವರು ಕೂಡ ಆ ನೆನಪಿಗೆ ಬರೆಯದಂತೆ ಬೀಗ ಹಾಕುವುದನ್ನು ಕಲಿತಿತು. ಅಷ್ಟರಲ್ಲಿ ಕಾರ್ಡಿನ ನೆನಪಿನ ನಕಲು ತೆಗೆದಿಟ್ಟುಕೊಂಡಿದ್ದವರು ಮಾತ್ರ ಮತ್ತೆ ಬರೆದು ಬದುಕಿಸಿಕೊಳ್ಳಬಹುದಿತ್ತು.

ಇದರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ದಡ್ಡರಲ್ಲ. ದೊಡ್ಡ ಮನೆಯಲ್ಲಿ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಓಡಾಡುತ್ತಿರುತ್ತಾರೆ, ಅಷ್ಟೇ. ಶೆಲ್ಲಿನಲ್ಲಿ ಅಷ್ಟು ಜನ ಇಲ್ಲ.

* * *

"ಸರಿ ಮಾರಾಯ, ಕೆಲಸ ಮಾಡುತ್ತಿರೋ ಕಾರ್ಡಿನ ಫರ್ಮ್‌ವೇರನ್ನ ಮುಟ್ಟೋದೇ ಯಾಕೆ?" ಅಂತ ನೀವು ಕೇಳಬಹುದು. ಅದಕ್ಕೆ 2013ರ ಒಂದು ಕಥೆ ಇದೆ. ಅಮೆರಿಕದ ಕ್ರಿಸ್ಟಿಯನ್ ಕೀಲ್‌ಹೋಫ್ನರ್ ಇಂಟರ್‌ನೆಟ್ ಟೆಲಿಫೋನ್ ವ್ಯವಸ್ಥೆಯ ಕೆಲಸದಲ್ಲಿದ್ದವರು. ಅವರ ಕೆಲವು ಯಂತ್ರಗಳಲ್ಲಿ ಇಂಟೆಲ್ 82574ಎಲ್ ಕಾರ್ಡುಗಳು ಆಗಾಗ ಸುಮ್ಮನೆ ಉಸಿರು ನಿಲ್ಲಿಸುತ್ತಿದ್ದವು. ಬೆನ್ನು ಹತ್ತಿ ನೋಡಿದರೆ, ಪ್ಯಾಕೆಟ್ಟಿನ ಒಂದು ನಿರ್ದಿಷ್ಟ ಸ್ಥಾನದಲ್ಲಿ '2' ಅನ್ನೋ ಅಕ್ಷರ ಇದ್ದರೆ ಕಾರ್ಡು ಸಾಯುತ್ತಿತ್ತು, ಅದೇ ಜಾಗದಲ್ಲಿ '4' ಬಂದರೆ ಮುಂದೆ ಅಂಥ ಪ್ಯಾಕೆಟ್ ಬಂದರೂ ಏನೂ ಆಗುತ್ತಿರಲಿಲ್ಲ! ಸತ್ತ ಕಾರ್ಡು ರೀಬೂಟಿಗೂ ಏಳುತ್ತಿರಲಿಲ್ಲ, ಕರೆಂಟನ್ನೇ ಪೂರ್ತಿ ತೆಗೆಯಬೇಕಿತ್ತು. ಒಂದು ಮದರ್‌ಬೋರ್ಡ್ ತಯಾರಕರು ಕಾರ್ಡಿನ ನೆನಪಿನಲ್ಲಿ ತಪ್ಪು ಬರೆದದ್ದು ಕಾರಣ ಅಂತ ಇಂಟೆಲ್ ಹೇಳಿತು. ಪರಿಹಾರ, ಆ ನೆನಪನ್ನು ಸರಿಯಾಗಿ ತಿದ್ದಿ ಬರೆಯುವುದು.

ಅದಕ್ಕೂ ಮುಂಚೆ 2010ರಲ್ಲಿ ಫ್ರಾನ್ಸಿನ ಲೊಯಿಕ್ ಡ್ಯುಫ್ಲೊ ಮತ್ತು ಸಂಗಡಿಗರು, ಬ್ರಾಡ್‌ಕಾಮ್‌ನ ಒಂದು ಕಾರ್ಡಿನ ಫರ್ಮ್‌ವೇರಿನಲ್ಲಿದ್ದ ದೋಷ ಹಿಡಿದು ದೂರದಿಂದಲೇ ಆ ಕಾರ್ಡನ್ನು ವಶ ಮಾಡಿಕೊಂಡು ತೋರಿಸಿದ್ದರು. ಓಎಸ್‌ನ ಆಂಟಿವೈರಸ್ಸಿಗೆ ಕಾರ್ಡಿನೊಳಗೆ ಏನಾಗುತ್ತಿದೆ ಅಂತ ಎಲ್ಲಿ ಕಾಣಬೇಕು? ಹೀಗಾಗಿ ಮುಟ್ಟದೇ ಬಿಡೋದೂ ಕ್ಷೇಮವಲ್ಲ.

* * *

ಇನ್ನು ಕೆಲಸದ ಕ್ರಮ. ಫ್ಯಾಟ್ ಮಾಡಿದ ಯುಎಸ್‌ಬಿಯಲ್ಲಿ ತಯಾರಕರ '.ಇಎಫ್‌ಐ' ಪ್ರೋಗ್ರಾಮು ಮತ್ತು ಫರ್ಮ್‌ವೇರಿನ ಫೈಲು. ಶೆಲ್ಲಿಗೆ ಬಂದು 'ಮ್ಯಾಪ್ -ಆರ್' ಅಂದರೆ ಡ್ರೈವುಗಳನ್ನು ಹೊಸದಾಗಿ ಹುಡುಕುತ್ತದೆ. 'ಎಫ್‌ಎಸ್0:' ಅಂತ ಒಳಗೆ ಹೋಗಿ ಪ್ರೋಗ್ರಾಮ್ ಓಡಿಸಿ, ಯಾವ್ಯಾವ ಕಾರ್ಡಿದೆ, ಯಾವ ಆವೃತ್ತಿ ಇದೆ ಅಂತ ಮೊದಲು ಬರೆದಿಟ್ಟುಕೊಳ್ಳಬೇಕು. ಪ್ರೋಗ್ರಾಮಿನಲ್ಲಿ ಸೌಲಭ್ಯ ಇದ್ದರೆ ಹಳೆಯದರ ನಕಲು ತೆಗೆಯಬೇಕು. ಆಮೇಲೆ ಹೊಸದನ್ನು ಬರೆಯುವುದು, ಬರೆದದ್ದನ್ನು ಓದಿ ತಾಳೆ ನೋಡುವುದು. ಅಷ್ಟು ಹೊತ್ತೂ ಯಾರೂ ಪ್ಲಗ್ಗಿನ ಹತ್ತಿರ ಸುಳಿಯಬಾರದು.

ಕೊನೆಗೆ ಒಂದು ವಿಷಯ. ನಾನು ಹೀಗೆ ಒಂದು ಸರ್ವರಿನಲ್ಲಿ ಬರೆದು ರೀಬೂಟ್ ಮಾಡಿದರೆ ಕಾರ್ಡು ಹಳೇ ಆವೃತ್ತಿಯನ್ನೇ ಹೇಳುತ್ತಿತ್ತು. ಪಕ್ಕದಲ್ಲಿದ್ದ ಹೊಸ ಹುಡುಗ "ಸಾರ್, ಹೋಯ್ತಾ?" ಅಂದ, ಮುಖ ಬಿಳುಚಿಕೊಂಡಿತ್ತು. ಏನೂ ಹೋಗಿರಲಿಲ್ಲ. ದೂರದಿಂದಲೇ ಕಂಪ್ಯೂಟರನ್ನು ಎಬ್ಬಿಸುವ ಸೌಲಭ್ಯಕ್ಕಾಗಿ ನೆಟ್‌ವರ್ಕ್ ಕಾರ್ಡಿಗೆ, ಯಂತ್ರ ಆಫ್ ಆಗಿದ್ದರೂ ಸಣ್ಣಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಹಳೇ ಫರ್ಮ್‌ವೇರು ಅದರ ಆಸರೆಯಲ್ಲಿ ಓಡುತ್ತಲೇ ಇತ್ತು. ಎರಡೂ ಪವರ್ ಕೇಬಲ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿದೆವು. ಹೊಸದು ಎದ್ದು ಕೂತಿತು, ಹುಡುಗನ ಮುಖಕ್ಕೆ ಬಣ್ಣ ಬಂತು.

* * *

ಈ ಬೋಳು ಜಾಗಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಬೇಲಿ ಇಲ್ಲದ ಜಾಗ ಅಂದರೆ ಕಳ್ಳನಿಗೂ ಬೇಲಿ ಇಲ್ಲ. ಶೆಲ್ಲಿನಲ್ಲಿ 'ಎಂಎಂ' ಅಂತ ಒಂದು ಆದೇಶ ಇದೆ. ಮೆಮೊರಿಯ ವಿಳಾಸ ಕೊಟ್ಟು ಅಲ್ಲಿರುವುದನ್ನು ಓದಬಹುದು, ಬದಲಿಸಬಹುದು. ದುರಸ್ತಿಗೆ ಬಹಳ ಉಪಯೋಗ. 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಎಲ್ಲೆಡೆ ಹರಡಿತು, ಸಹಿ ಇಲ್ಲದ ಪ್ರೋಗ್ರಾಮು ಓಎಸ್‌ಗೆ ಮುಂಚೆ ಓಡಬಾರದು ಅಂತ ನಿಯಮವಾಯಿತು. ಶೆಲ್ಲಿಗೆ ಸಾಮಾನ್ಯವಾಗಿ ಆ ಸಹಿ ಇರುವುದಿಲ್ಲ. ಆದರೆ ಕೆಲವು ಕಡೆ ಸಹಿ ಇರುವ ಶೆಲ್ಲುಗಳು ಹೊರಗೆ ಬಂದಿದ್ದವು. 2025ರ ಅಕ್ಟೋಬರಿನಲ್ಲಿ ಎಕ್ಲಿಪ್ಸಿಯಂ ಎಂಬ ಭದ್ರತಾ ಸಂಸ್ಥೆ, ಫ್ರೇಮ್‌ವರ್ಕ್ ಲ್ಯಾಪ್‌ಟಾಪುಗಳಿಗಿದ್ದ ಅಂಥ ಶೆಲ್ಲಿನಲ್ಲಿ ಇದೇ 'ಎಂಎಂ' ಬಳಸಿ, ಸಹಿ ನೋಡುವ ಕಾವಲುಗಾರನನ್ನೇ ಮಲಗಿಸಬಹುದು ಅಂತ ತೋರಿಸಿತು. ರಿಪೇರಿಯವನ ಕೈಯಲ್ಲಿರುವ ಸ್ಕ್ರೂಡ್ರೈವರೇ ಕಳ್ಳನ ಕೈಯಲ್ಲೂ ಸ್ಕ್ರೂಡ್ರೈವರು.

ಇತ್ತ ಓಎಸ್‌ನಿಂದಲೇ ಫರ್ಮ್‌ವೇರ್ ಬದಲಿಸುವ ಹೊಸ ದಾರಿಗಳೂ ಬಂದಿವೆ. ಲಿನಕ್ಸಿಗೆ ರಿಚರ್ಡ್ ಹ್ಯೂಸ್ 2015ರಲ್ಲಿ ತಂದ ಎಫ್‌ಡಬ್ಲ್ಯುಯುಪಿಡಿ ಅಂಥದ್ದು. ಈ ದಾರಿಯಲ್ಲಿ ಮದರ್‌ಬೋರ್ಡಿನ ಫರ್ಮ್‌ವೇರನ್ನು ಓಎಸ್ ಒಂದು ಪೊಟ್ಟಣ ಕಟ್ಟಿ ಇಡುತ್ತದೆ ಅಷ್ಟೇ. ರೀಬೂಟ್ ಆದ ಮೇಲೆ, ಓಎಸ್ ಏಳುವ ಮುಂಚೆ, ಪೊಟ್ಟಣದ ಸಹಿ ನೋಡಿ ಅದನ್ನು ಬರೆದುಕೊಳ್ಳುವುದು ಹಳೇ ಫರ್ಮ್‌ವೇರೇ. ಗಮನಿಸಿದಿರಾ? ಎಷ್ಟು ಸುತ್ತು ಬಂದರೂ ಬರೆಯುವ ಕ್ಷಣಕ್ಕೆ ಮತ್ತೆ ಅದೇ ಜಾಗ, ಓಎಸ್ ಏಳುವ ಮುಂಚಿನ ಜಾಗ.

ನನಗೆ ಅನ್ನಿಸುವುದು ಇಷ್ಟು. ಯಂತ್ರ ದೊಡ್ಡದಾದಷ್ಟೂ ಅದನ್ನು ದುರಸ್ತಿ ಮಾಡಲು ಒಂದು ಚಿಕ್ಕ, ನಿಶ್ಶಬ್ದ ಕೋಣೆ ಬೇಕೇ ಬೇಕು. ಮೊದಲು ಅದು ಗಾಜಿನ ಕಿಟಕಿಯ ಚಿಪ್ಪಾಗಿತ್ತು, ಆಮೇಲೆ ಫ್ಲಾಪಿಯಾಯಿತು, ಈಗ ಶೆಲ್. ಆ ಕೋಣೆಗೆ ಬೀಗ ಇರಲಿ, ಖಂಡಿತ ಇರಲಿ. ಆದರೆ ಯಂತ್ರ ಕೊಂಡವನ ಕೈಯಲ್ಲೂ ಒಂದು ಕೀಲಿ ಇರಬೇಕು. ಭದ್ರತೆಯ ಹೆಸರಿನಲ್ಲಿ ಬಾಗಿಲನ್ನೇ ಗೋಡೆ ಮಾಡಿದರೆ, 2013ರ ಆ ಕಾರ್ಡಿನಂಥದ್ದು ಮತ್ತೆ ಬಂದಾಗ ನಾವು ಹೊರಗೆ ನಿಂತು ತಯಾರಕರ ದಯೆಗೆ ಕಾಯಬೇಕಾಗುತ್ತದೆ.

ಅಂದ ಹಾಗೆ, ನಿಮ್ಮಲ್ಲಿ ಯಾರ ಡ್ರಾಯರಿನಲ್ಲಾದರೂ ಡಾಸ್ ಫ್ಲಾಪಿ ಇನ್ನೂ ಇದೆಯಾ? ಇದ್ದರೆ ಬಿಸಾಡಬೇಡಿ. ಓದುವ ಡ್ರೈವೇ ಸಿಗಲಿಕ್ಕಿಲ್ಲ, ಆದರೂ ಆ ಕಪ್ಪು ಪರದೆಯ ಅಜ್ಜ ಅದು... ಫೋಟೋ ಆದರೂ ತೆಗೆದಿಡಿ :-)